ಔಷಧಿ ಸೋತರೆ ತಪ್ಪು ಯಾರದು?

ಡಾಬಕಾದ ಕಡೆಯ ಕೂಲಿ ಕಾಕಾ ಒಬ್ಬರು ನಮ್ಮನ್ನು ಒಂದು ಮಾತು ಕೇಳಿದರು. ಅವರ ಕೆನ್ನೆಯೊಳಗೆ ಹುಣ್ಣಾಗಿ, ಹುಣ್ಣು ಗಂಟಾಗಿ, ಗಂಟು ಕುತ್ತಿಗೆಗೆ ಇಳಿದಿತ್ತು. ದೊಡ್ಡ ಊರಿನ ದವಾಖಾನೆಯೊಂದರಲ್ಲಿ ಕೀಮೋ ಬಾಟ್ಲಿ ಏರಿಸಿದರು. ಗಂಟು ಮೊದಲು ಕರಗಿತು, ಆಮೇಲೆ ಮತ್ತೆ ಎದ್ದಿತು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಮಾತು ಬರೆದು ಊರಿಗೆ ಕಳಿಸಿದರು. ಗಂಟು ಔಷಧಿಗೆ ಪ್ರತಿರೋಧ ಒಡ್ಡಿದೆ ಎಂಬುದು ಒಂದು. ರೋಗಿ ‘ಡಿಫಾಲ್ಟರ್’ ಎಂಬುದು ಇನ್ನೊಂದು. ನಾವು ಓದಿ ಹೇಳಿದೆವು. ಕಾಕಾ ತುಸು ಹೊತ್ತು ಸುಮ್ಮನಿದ್ದರು. “ಹಾಂಗಾದ್ರ ದವಾ ಸೋತದೋ, ನಾ ಸೋತೀನೋ? ತಪ್ಪ ಯಾರ್ದು?”

ಪ್ರತಿರೋಧ ಎಂಬುದು ನಮಗೆ ಪ್ರೀತಿಯ ಶಬ್ದ. ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗಿದ ಶಬ್ದ. ಅದು ನಮ್ಮವರೊಬ್ಬರ ಚೀಟಿಯಲ್ಲಿ ಹೀಗೆ ಬಂದು ಕೂತದ್ದನ್ನು ನೋಡಿ ನಮಗೆ ಉತ್ತರ ಹೊಳೆಯಲಿಲ್ಲ. ಅವತ್ತು ಹೇಳಲಾಗದ್ದನ್ನು ಇಲ್ಲಿ ಹೇಳಲು ನೋಡುತ್ತೇವೆ.

ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರಿಗೆ ಕೊಡುವ ಮುಖ್ಯ ಕೀಮೋ ಔಷಧಿ ಸಿಸ್‌ಪ್ಲಾಟಿನ್. ಅದರಲ್ಲಿ ಪ್ಲಾಟಿನಂ ಲೋಹವಿದೆ. ಅಮೆರಿಕದ ಮಿಶಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಅವರ ತಂಡ 1965ರಲ್ಲಿ ಅದರ ಗುಣ ಕಂಡಿತು. 1978ರಲ್ಲಿ ಅಲ್ಲಿನ ಸರ್ಕಾರ ಅದನ್ನು ಕ್ಯಾನ್ಸರಿನ ಔಷಧಿಯಾಗಿ ಒಪ್ಪಿತು. ಅದು ಜೀವಕೋಶದ ಡಿಎನ್‌ಎ ಎಳೆಗಳನ್ನು ಗಂಟುಹಾಕಿ ಬಿಡುತ್ತದೆ, ಕೋಶ ಒಡೆದು ಎರಡಾಗಲಾರದೆ ಸಾಯುತ್ತದೆ. ಆದರೆ ಎಲ್ಲ ಕೋಶವೂ ಸಾಯುವುದಿಲ್ಲ. ಕೆಲವು ಔಷಧಿಯನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಕೆಲವು ಬಂದದ್ದನ್ನು ಹೊರಗೆ ಹಾಕುತ್ತವೆ. ಕೆಲವು ಕೆಟ್ಟ ಎಳೆಯನ್ನು ರಿಪೇರಿ ಮಾಡಿಕೊಳ್ಳುತ್ತವೆ. ಇನ್ನು ಕೆಲವಕ್ಕೆ, ಕೆಟ್ಟುಹೋದಾಗ ತಾನೇ ಸಾಯಬೇಕೆಂಬ ಆಜ್ಞೆಯೇ ಕೇಳಿಸುವುದಿಲ್ಲ.

ತೊಗರಿಗೆ ಎಣ್ಣೆ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ವರ್ಷ ಕಾಯಿಕೊರಕ ಉದುರುತ್ತದೆ, ತಡೆದುಕೊಂಡ ನಾಲ್ಕು ಹುಳ ಉಳಿಯುತ್ತವೆ, ಮುಂದೆ ಹೊಲದ ತುಂಬ ಅವುಗಳ ಸಂತಾನವೇ. ಗಂಟಿನೊಳಗೂ ಇದೇ ನಡೆಯುತ್ತದೆ. ಮೊದಲ ಹನಿ ಬೀಳುವ ಮುಂಚೆಯೇ ತಡೆಯುವ ಕೋಶಗಳು ಅಲ್ಲಿ ಇರಬಹುದು. ಇದರಲ್ಲಿ ಕಾಕಾನ ಧೈರ್ಯ, ಪುಣ್ಯ, ಪಾಪ ಯಾವುದರ ಪಾತ್ರವೂ ಇಲ್ಲ. ಗಂಟು ಔಷಧಿಗೆ ಬಗ್ಗಲಿಲ್ಲ ಅಂದರೆ ಮನುಷ್ಯ ಸೋತ ಎಂದು ಅರ್ಥವಲ್ಲ.

ಎರಡನೇ ಶಬ್ದದ ಕಥೆ ಬೇರೆ. ಡಿಫಾಲ್ಟರ್ ಎಂಬುದನ್ನು ನಾವು ಸೊಸೈಟಿ ಸಾಲದ ನೋಟೀಸಿನಲ್ಲಿ ಓದಿದ್ದೇವೆ. ದವಾಖಾನೆಯಲ್ಲಿ ತಾರೀಖಿಗೆ ಬರದವನೂ ಡಿಫಾಲ್ಟರ್! 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆ ಇರುವ ಬೆಂಗಳೂರು ಬೀದರಿನಿಂದ ಸುಮಾರು 700 ಕಿಲೋಮೀಟರ್. ಅದರ ಶಾಖೆ ಕಲಬುರಗಿಯಲ್ಲಿದೆ. ಇಲ್ಲವೆಂದರೆ ಹೈದ್ರಾಬಾದು, ಅಥವಾ ಗಡಿಯಾಚೆಯ ಬಾರ್ಶಿ. ಎಲ್ಲಿಗೆ ಹೋದರೂ ರೋಗಿಯದೊಂದು, ಜೊತೆಗೆ ಹೋದವರದೊಂದು, ಎರಡು ಕೂಲಿ ಹೋಗುತ್ತವೆ. ಔಷಧಿ ಪುಕ್ಕಟೆ ಸಿಕ್ಕರೂ ಕೂಲಿ ಪುಕ್ಕಟೆ ಬರುವುದಿಲ್ಲ. ಕರೆಂಟು ಕೊಡುವಾಗ ನಡುವೆ ದಿನ ತಪ್ಪಿದರೆ ಅದರ ಗುಣ ತಗ್ಗುತ್ತದೆ. ಬಾಟ್ಲಿ ತಪ್ಪಿದರೂ ಅಷ್ಟೆ. ಗಂಟು ಮತ್ತೆ ಬೆಳೆದರೆ ಅದಕ್ಕೂ ಪ್ರತಿರೋಧ ಎಂದೇ ಹೆಸರು ಬೀಳಬಹುದು. ಕೋಶ ಮಾಡಿದ್ದೆಷ್ಟು, ಬಸ್ಸು ಮಾಡಿದ್ದೆಷ್ಟು, ಕೂಲಿ ಮಾಡಿದ್ದೆಷ್ಟು ಎಂದು ಬೇರೆ ಮಾಡಿ ಬರೆಯದ ಚೀಟಿ ವಿಜ್ಞಾನದ ಚೀಟಿಯೂ ಅಲ್ಲ, ನ್ಯಾಯದ ಚೀಟಿಯೂ ಅಲ್ಲ.

ಮುಂಚಿತವಾಗಿ ತಿಳಿಯುವ ದಾರಿ ಇಲ್ಲವೇ? ಇದಕ್ಕೇ ಗಂಟಿನ ಗುರುತುಗಳನ್ನು, ಅಂದರೆ ಟ್ಯೂಮರ್ ಮಾರ್ಕರುಗಳನ್ನು ಹುಡುಕುತ್ತಿದ್ದಾರೆ. ಪಿ16 ಎಂಬ ಗುರುತು ಗಂಟಲಿನ ಕ್ಯಾನ್ಸರಿನಲ್ಲಿ ಕಂಡರೆ ಅದು ಎಚ್‌ಪಿವಿ ವೈರಸ್ಸಿನಿಂದ ಬಂದದ್ದೆಂದು ತಿಳಿಯುತ್ತಾರೆ, ಅಂಥದ್ದು ಚಿಕಿತ್ಸೆಗೆ ಹೆಚ್ಚು ಬಗ್ಗುತ್ತದೆ. ನಮ್ಮವರ ಕೆನ್ನೆಯ ಕ್ಯಾನ್ಸರು ಹೆಚ್ಚಾಗಿ ತಂಬಾಕು, ಅಡಿಕೆಯದು. ಅಲ್ಲಿ ಪಿ16 ಹೆಚ್ಚೇನೂ ಹೇಳುವುದಿಲ್ಲ. ಎಳೆ ರಿಪೇರಿ ಮಾಡುವ ಇಆರ್‌ಸಿಸಿ1 ಎಂಬ ಪ್ರೋಟೀನನ್ನೂ ಪರೀಕ್ಷಿಸಿ ನೋಡಿದ್ದಾರೆ, ಇನ್ನೂ ದಿನನಿತ್ಯದ ಬಳಕೆಗೆ ಬಂದಿಲ್ಲ. ಪಿಡಿ-ಎಲ್1 ನೋಡಿ ಹೊಸ ಇಮ್ಯುನೋ ಔಷಧಿ ಬರೆಯುತ್ತಾರೆ, ಬೆಲೆ ಲಕ್ಷಗಳಲ್ಲಿ. ಕೊಳ್ಳಲಾಗದ ಔಷಧಿಗೆ ನೀನು ಅರ್ಹ ಎಂದು ಹೇಳುವ ಗುರುತಿನಿಂದ ಕೂಲಿಯವನು ಏನು ಮಾಡಬೇಕು?

ಮುಂಬೈನ ಟಾಟಾ ಆಸ್ಪತ್ರೆಯವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಿಲ್ಲ. ನಿವೊಲುಮ್ಯಾಬ್ ಎಂಬ ಔಷಧಿಯನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ, ಅಂದರೆ ರೂಢಿಯ ಪ್ರಮಾಣದ ಹತ್ತರಲ್ಲೊಂದಕ್ಕಿಂತ ಕಮ್ಮಿ, ಬಾಯಲ್ಲಿ ನುಂಗುವ ಗುಳಿಗೆಗಳ ಜೊತೆ ಕೊಟ್ಟು ನೋಡಿದರು. 2023ರಲ್ಲಿ ಪ್ರಕಟವಾದ ಲೆಕ್ಕದಂತೆ ಬರೀ ಗುಳಿಗೆ ತಗೊಂಡವರಲ್ಲಿ ಒಂದು ವರ್ಷ ದಾಟಿದವರು ನೂರಕ್ಕೆ 16, ಇದನ್ನೂ ತಗೊಂಡವರಲ್ಲಿ 43. ಬಡವರಿಗೆ ಅರೆಹೊಟ್ಟೆ ಔಷಧಿಯೇ ಎಂದು ನಮಗೆ ಸಿಟ್ಟು ಬಂದದ್ದು ನಿಜ. ಪೂರ್ತಿ ಪ್ರಮಾಣದ ಜೊತೆ ತೂಗಿ ನೋಡಿದ ಪರೀಕ್ಷೆಯೂ ಅದಲ್ಲ. ಆದರೆ ಏನೂ ಇಲ್ಲದವನ ಮುಂದೆ ನಮ್ಮ ಸಿಟ್ಟನ್ನಷ್ಟೇ ಇಟ್ಟು ಎದ್ದುಹೋಗುವುದು ಯಾವ ನೀತಿ?

ಇನ್ನು ತಂಬಾಕಿನ ಮಾತು. ತಿಂದವರು ಉಣ್ಣಲಿ ಎನ್ನುವವರು ಇದ್ದಾರೆ. ಹಿಂದಿನ ಜನ್ಮದ ಪಾಪ ಎಂದು ನಮ್ಮನ್ನು ಊರ ಹೊರಗೆ ಇಟ್ಟವರ ದನಿಯೇ ಇದು. ಹಾಗಂತ ಎರಡನ್ನೂ ಒಂದೇ ಮಾಡಿದರೆ ನಾವು ಸುಳ್ಳು ಹೇಳಿದಂತೆ. ಹಿಂದಿನ ಜನ್ಮಕ್ಕೆ ಸಾಕ್ಷಿಯಿಲ್ಲ, ತಂಬಾಕಿಗೆ ಇದೆ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2003ರಲ್ಲಿ ತೀರ್ಮಾನಿಸಿತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು; ಮಸಾಲಾದ ಪುಡಿಕೆ ಬೇರೆ, ತಂಬಾಕಿನ ಪುಡಿಕೆ ಬೇರೆ ಮಾಡಿ ಅದೇ ಅಂಗಡಿಯಲ್ಲಿ ಮಾರಿದರು. ಹಸಿವು ಸಾಯಲೆಂದು ಹಾಕಿಕೊಂಡವರನ್ನು ಬಲ್ಲೆವು. ಆದರೂ ಎಲ್ಲ ವ್ಯವಸ್ಥೆಯದೇ ಎಂದುಬಿಟ್ಟರೆ ಕಾಕಾ ಬರೀ ಗೊಂಬೆಯಾದಂತಾಯಿತು, ಅದೂ ಅವಮಾನವೇ. ಕಾರಣ ಹೇಳುವುದು ಬೇರೆ, ಶಿಕ್ಷೆ ವಿಧಿಸುವುದು ಬೇರೆ. ನಮ್ಮ ಸಭೆಗಳಲ್ಲೇ ಚಿಟಿಕೆ ಕೈಯಿಂದ ಕೈಗೆ ದಾಟುವುದನ್ನು ಕಂಡೂ ನಾವು ಮಾತಾಡಿಲ್ಲ.

ತಿರುವನಂತಪುರದ ಕಡೆ ತರಬೇತಾದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ಬರೀ ಕಣ್ಣಿಂದ ನೋಡಿದರು. ತಂಬಾಕು, ಕುಡಿತ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತೆಂದು 2005ರಲ್ಲಿ ವರದಿಯಾಯಿತು. ಬಿಳಿ ಮಚ್ಚೆ, ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ದಿನೇ ದಿನೇ ಕಿರಿದಾಗುವ ಬಾಯಿ: ಇವಿಷ್ಟನ್ನು ಗುರುತಿಸುವುದಕ್ಕೆ ಹಳ್ಳಿಯ ಮಾಸ್ತರರಿಗೆ ಪಿಡಿ-ಎಲ್1 ಬೇಕಾಗಿಲ್ಲ.

ಮತ್ತೊಮ್ಮೆ ಹೋದಾಗ ಕಾಕಾಗೆ ತೊಗರಿ ಹುಳದ ಮಾತು ಹೇಳಿದೆವು. ತಪ್ಪಿದ ತಾರೀಖುಗಳು ಯಾಕೆ ತಪ್ಪಿದವೆಂದು ಅವರ ಜೊತೆ ಕೂತು ಎಣಿಸಿದೆವು. ಅವರು ಚೀಟಿ ಮಡಚಿ ನಮ್ಮ ಕೈಗೇ ಕೊಟ್ಟರು. “ಹಾಂಗಾದ್ರ ಇದರಾಗ ಅದನ್ನೂ ಬರೀಲಿಕ್ಕ ಹೇಳ್ರಿ.”