ಕೇಳದೆ ಉಳಿಯುವ ಪ್ರಶ್ನೆ



ನಮ್ಮ ಮಂಗಳೂರಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಒಬ್ಬಳಾದರೂ ದಾದಿ ಇದ್ದಾಳೆ. ಆಕೆಯನ್ನು ಕಾಡುವ ಒಂದು ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಕೈ ಬಾತುಕೊಂಡ ಹೆಂಗಸೊಬ್ಬಳು ಆಸ್ಪತ್ರೆಗೆ ಬರುತ್ತಾಳೆ ಎನ್ನೋಣ. "ಬಚ್ಚಲಲ್ಲಿ ಜಾರಿದಳು" ಎಂದು ಜೊತೆಗೆ ಬಂದ ಗಂಡನೇ ಉತ್ತರಿಸುತ್ತಾನೆ. ಕೆನ್ನೆಯ ಮೇಲೆ ಹಳದಿಗಟ್ಟಿದ ಹಳೆಯ ಪೆಟ್ಟಿನ ಗುರುತು. ದಾದಿಗೆ ಸಂಶಯ ಬರುತ್ತದೆ. ಆದರೂ "ಪರರ ಸಂಸಾರದ ಗುಟ್ಟು ನನಗೇಕೆ?" ಎಂದು ಪಟ್ಟಿ ಕಟ್ಟಿ ಕಳುಹಿಸುತ್ತಾಳೆ. ಅವಳು ಮಾಡಿದ ತಪ್ಪೇನು?

ಕುಟುಂಬದ ಗುಟ್ಟಿಗೆ ಗೌರವ ಸಲ್ಲಬೇಕು, ನಿಜ. ಆದರೆ ಆ ಗುಟ್ಟು ಇರುವುದು ಮನೆಯೊಳಗಿನವರ ರಕ್ಷಣೆಗಾಗಿ. ಹೊಡೆಯುವ ಕೈಯನ್ನು ಅದು ಮರೆಮಾಡತೊಡಗಿದರೆ ಗೌರವಕ್ಕೆ ಅರ್ಹವಲ್ಲ. ಪಾಪವು ಮಾಡಿದ್ದರಲ್ಲಿ ಮಾತ್ರವಲ್ಲ, ಮಾಡದೆ ಬಿಟ್ಟದ್ದರಲ್ಲಿಯೂ ಇದೆಯೆಂದು ನಾವು ಚಿಕ್ಕಂದಿನಲ್ಲೇ ಕಲಿತಿದ್ದೇವೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇಕಡಾ 44ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಇದು ಯಾರದೋ ಮನೆಯ ಕಥೆಯಲ್ಲ.

ಹಾಗೆಂದು ಹೇಗೆ ಬೇಕಾದರೂ ಕೇಳುವುದಲ್ಲ. ಬಂದ ಹೆಂಗಸರನ್ನೆಲ್ಲ ವಿಚಾರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಹೇಳುವುದಿಲ್ಲ. ಸಂಶಯಕ್ಕೆ ಕಾರಣವಿದ್ದಾಗ ಕೇಳಿ ಎನ್ನುತ್ತದೆ. ಮೊದಲು ಆಕೆ ಒಂಟಿಯಾಗಿರಬೇಕು. ಗಂಡನ ಅಥವಾ ಅತ್ತೆಯ ಎದುರು ಕೇಳಿದರೆ ಮನೆಯಲ್ಲಿ ಇನ್ನೊಂದು ಪೆಟ್ಟು ಬೀಳಬಹುದು. ಬಳಿಕ ತಾಳ್ಮೆಯಿಂದ ಆಲಿಸಿ, ನಂಬಿ, "ಇದು ನಿನ್ನ ತಪ್ಪಲ್ಲ" ಎನ್ನಬೇಕು. ಇಂದು ರಾತ್ರಿ ಮನೆಗೆ ಹೋಗಲು ಭಯವಿದೆಯೇ ಎಂದು ವಿಚಾರಿಸಬೇಕು. ಗಾಯದ ವಿವರವನ್ನು ದಾಖಲೆಯಲ್ಲಿ ಸರಿಯಾಗಿ ಬರೆಯಬೇಕು. 181 ಮಹಿಳಾ ಸಹಾಯವಾಣಿಯನ್ನೂ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯನ್ನೂ ತಿಳಿಸಬೇಕು.

ಇಷ್ಟಾದ ಮೇಲೂ ಆಕೆ "ಏನೂ ಇಲ್ಲ ಸಿಸ್ಟರ್" ಎಂದು ಮನೆಗೇ ಮರಳಬಹುದು. ಇಲ್ಲಿ ದಾದಿ ಸೋತಳೇ? ಇಲ್ಲ. ತೀರ್ಮಾನ ಆಕೆಯದು, ಬಲವಂತದಿಂದ ಬಿಡಿಸುವುದೂ ಇನ್ನೊಂದು ಬಗೆಯ ದಬ್ಬಾಳಿಕೆ. ಆದರೆ ಕೇಳುವವರೊಬ್ಬರು ಇದ್ದಾರೆಂದು ಆಕೆಗೆ ತಿಳಿಯಿತು. ನಾಳೆ ಬಾಗಿಲು ತಟ್ಟಲು ಅಷ್ಟು ಸಾಕಾಗಬಹುದು.

ನಮ್ಮಂಥ ಗುರುಗಳಿಗೂ ಇಲ್ಲಿ ಪಾಠವಿದೆ. "ತಾಳಿಕೋ ಮಗಳೇ, ಎಲ್ಲ ಸರಿಹೋಗುತ್ತದೆ" ಎಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ವಿವಾಹದ ಬಂಧ ಅಳಿಯದು, ಆದರೆ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದಾಗ ಬೇರೆಯಾಗಿ ವಾಸಿಸಲು ಧರ್ಮಸಭೆಯ 1983ರ ಕಾನೂನು ಸಂಹಿತೆಯೇ, ಅದರ 1153ನೇ ವಿಧಿಯಲ್ಲಿ, ಅವಕಾಶ ಕೊಟ್ಟಿದೆ. ಪೆಟ್ಟು ತಿನ್ನುವುದು ಸಂಸ್ಕಾರದ ಭಾಗವಲ್ಲ.

ನಿಮ್ಮ ಮನೆಯ ದಾದಿ ಇಂದು ಕೆಲಸ ಮುಗಿಸಿ ಬಂದಾಗ ಈ ಮಾತನ್ನು ಅವಳೊಡನೆ ಆಡಿ ನೋಡಿ. ಮತ್ತೆ, ನಿಮ್ಮ ನೆರೆಮನೆಯಿಂದ ರಾತ್ರಿ ಕೇಳಿಸುವ ಅಳುವಿಗೆ ನೀವೇನು ಮಾಡುತ್ತಿದ್ದೀರಿ ಎಂದೂ ಯೋಚಿಸಿ.