ಅಜ್ಜನ ಕೋವಿ

ಪಿತ್ರಾರ್ಜಿತದಲ್ಲಿ ಎರಡು ಬಗೆ. ಹೊಲ, ಮನೆ, ಚಿನ್ನ ಇವು ಮೊದಲನೆಯ ಬಗೆಯವು. ಇವಕ್ಕೆ ಬೆಲೆ ಕಟ್ಟಬಹುದು, ಪಾಲು ಮಾಡಬಹುದು, ಬೇಕಾದರೆ ಕೋರ್ಟಿಗೂ ಹೋಗಬಹುದು. ಅಜ್ಜನ ಊರುಗೋಲು, ಅಜ್ಜಿಯ ಒರಳು, ತಂದೆಯ ಕೈಗಡಿಯಾರ ಇವು ಎರಡನೆಯ ಬಗೆ. ಇವಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ. ಆದ್ದರಿಂದಲೇ ಇವುಗಳ ವಿಷಯದಲ್ಲಿ ತೀರ್ಮಾನ ಮಾಡುವುದು ಕಷ್ಟ. ಅದರಲ್ಲಿಯೂ ಬಂದ ವಸ್ತು ಒಂದು ಆಯುಧವಾಗಿದ್ದರೆ?

ಕೊಡಗಿನ ನನ್ನ ಮಿತ್ರರೊಬ್ಬರಿಗೆ ಬಂದಿರುವುದು ಇಂಥ ಇಕ್ಕಟ್ಟು. ಅವರ ಅಜ್ಜ ಬೇಟೆಗೆ ಬಳಸುತ್ತಿದ್ದ ಜೋಡಿನಳಿಗೆಯ ಕೋವಿ ಮನೆಯಲ್ಲಿದೆ. ಅಜ್ಜ ಕೊಂಡಾಗಲೇ ಅದು ಹಳೆಯದಂತೆ. ಅದನ್ನು ನೋಡಿದ ಕೋವಿ ರಿಪೇರಿಯವನು, “ಇನ್ನು ಇದರಲ್ಲಿ ಈಡು ಹಾರಿಸಬೇಡಿ, ಹೊಸದು ತನ್ನಿ” ಎಂದಿದ್ದಾನೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ, “ಪ್ರಾಣಿ ಕೊಂದ ವಸ್ತು, ಹಳೆಯದೂ ಬೇಡ ಹೊಸದೂ ಬೇಡ” ಎನ್ನುತ್ತಾನೆ. ಮಿತ್ರರ ಮಾತು ಬೇರೆ: “ಮೇಷ್ಟ್ರೆ, ಇದನ್ನು ತೆಗೆದು ಬೇರೆಯದು ತಂದರೆ ಅಜ್ಜನನ್ನೇ ಮನೆಯಿಂದ ಆಚೆಗೆ ಕಳಿಸಿದ ಹಾಗಾಗುವುದಿಲ್ಲವೆ?”

ಇದು ಬರಿಯ ಭಾವುಕತೆಯ ಮಾತಲ್ಲ. ಕೊಡವರ ಮನೆಯಲ್ಲಿ ಕೋವಿ ಬೇಟೆಯ ಸಾಧನ ಮಾತ್ರವಾಗಿರಲಿಲ್ಲ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಕೋವಿಯ ಸದ್ದಾಗಬೇಕು. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಇಂದಿಗೂ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಬೇಟೆಯಾದರೋ ಮುಗಿದ ಕಥೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ಕಟ್ಟಿಹಾಕಿತು. 1991ರ ತಿದ್ದುಪಡಿ ಉಳಿದಿದ್ದ ಬಾಗಿಲನ್ನೂ ಮುಚ್ಚಿತು. ಹೀಗೆ ಕೋವಿಯ ಒಂದು ಕೆಲಸ ಹೋಗಿದೆ, ಇನ್ನೊಂದು ಉಳಿದಿದೆ.

ಮೊದಲು ಮಗನ ಮಾತನ್ನು ವಿಚಾರಿಸೋಣ. ಕೊಂದ ಪಾಪ ಕಬ್ಬಿಣಕ್ಕೆ ಅಂಟುತ್ತದೆಯೆ? ಈ ಪ್ರಶ್ನೆಯನ್ನು ನಮ್ಮ ಜನ್ನ ಯಶೋಧರ ಚರಿತೆಯಲ್ಲಿ ಬೇರೊಂದು ಬಗೆಯಿಂದ ಎತ್ತಿದ್ದಾನೆ. ಅಲ್ಲಿ ರಾಜ ಬಲಿ ಕೊಟ್ಟದ್ದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು. ಆದರೂ ಜನ್ಮಜನ್ಮಾಂತರಗಳಲ್ಲಿ ಅದರ ಫಲ ಉಣ್ಣಬೇಕಾಯಿತು. ಹಿಂಸೆ ಇರುವುದು ಸಂಕಲ್ಪದಲ್ಲಿ, ವಸ್ತುವಿನಲ್ಲಲ್ಲ ಎಂಬುದು ಅಲ್ಲಿಯ ತಿರುಳು. ಈ ಮಾತು ಎರಡು ಕಡೆಗೂ ಕೊಯ್ಯುತ್ತದೆ. ಕೊಲ್ಲುವ ಮನಸ್ಸಿದ್ದರೆ ಹಿಟ್ಟಿನ ಕೋಳಿಯೂ ಸಾಕು, ಪಾಪಕ್ಕೆ. ಆ ಮನಸ್ಸಿಲ್ಲದಿದ್ದರೆ, ಕೈಲ್‌ಪೊಳ್ದಿನ ದಿನ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟವನನ್ನು ಹಿಂಸಕ ಎನ್ನಲಾಗದು. ಕೋವಿಯನ್ನು ಮಾರಿದ ಮಾತ್ರಕ್ಕೆ ಅಜ್ಜ ಮಾಡಿದ ಬೇಟೆ ಅಳಿಸಿಹೋಗುವುದಿಲ್ಲ; ಇಟ್ಟುಕೊಂಡ ಮಾತ್ರಕ್ಕೆ ಅದು ಮೊಮ್ಮಗನ ಲೆಕ್ಕಕ್ಕೆ ಬರುವುದೂ ಇಲ್ಲ.

ರಿಪೇರಿಯವನ ಮಾತನ್ನು ಮಾತ್ರ ಹೀಗೆ ತರ್ಕದಿಂದ ತಳ್ಳಿಹಾಕುವಂತಿಲ್ಲ. ಆ ಕೋವಿಯದು ಡಮಾಸ್ಕಸ್ ನಳಿಗೆ. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹುರಿಮಾಡಿ, ಸುರುಳಿ ಸುತ್ತಿ, ಕಾಯಿಸಿ ಬಡಿದು ಬೆಸೆದದ್ದು. ಮೈಮೇಲೆ ಹೊಗೆಯ ಸುಳಿಯಂಥ ಗೆರೆಗಳು. ನೋಡಲು ಬಲು ಚೆಂದ. ಆದರೆ ಅದು ಹೊಗೆಯುಗುಳುವ ಹಳೆಯ ಕರಿಮದ್ದಿನ ಕಾಲದ್ದು. ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಹುಟ್ಟಿಸುವ ಒತ್ತಡವನ್ನು ತಡೆಯುವುದಕ್ಕೆ ಮಾಡಿದ್ದಲ್ಲ. ಬೆಸುಗೆಯ ಸಂದಿನಲ್ಲಿ ಒಳಗೊಳಗೇ ತುಕ್ಕು ಹಿಡಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ. ನೂರು ಸಲ ಸಹಿಸಿದ ನಳಿಗೆ ನೂರೊಂದನೆಯ ಸಲ ಸಿಡಿಯಬಹುದು. ಸಿಡಿಯುವುದು, ನಳಿಗೆಯನ್ನು ಆಧರಿಸಿ ಹಿಡಿದ ಎಡಗೈಯ ಹತ್ತಿರ.

ಪ್ರಶ್ನೆಯ ತೂಕವೆಲ್ಲ ಇರುವುದು ಇಲ್ಲಿ. ನಾಳೆ ಮಿತ್ರರ ಮನೆಯಲ್ಲಿ ಸಾವಾದರೆ ಎರಡು ಈಡು ಹಾರಿಸುವವನು ಯಾರೋ ಒಬ್ಬ ಹುಡುಗ. ಅಜ್ಜನ ಮೇಲಿನ ಗೌರವವನ್ನು ನಾವು ತೋರಿಸಬೇಕಾದದ್ದು ಆ ಹುಡುಗನ ಕೈಬೆರಳುಗಳನ್ನು ಪಣವಿಟ್ಟೇ? ಸತ್ತವರಿಗೆ ಸಲ್ಲಿಸುವ ಮರ್ಯಾದೆಯ ವೆಚ್ಚವನ್ನು ಸಲ್ಲಿಸುವವನೇ ಭರಿಸಬೇಕು. ಇನ್ನೊಬ್ಬನ ಮೈಮೇಲೆ ಹೊರಿಸುವುದು ಭಕ್ತಿಯಲ್ಲ, ಹಟ. ನಾಗರಿಕರಾದ ನಾವು ಕೋವಿ ಹಿಡಿಯದಿದ್ದರೂ ಈ ಹಟವನ್ನು ಬಲ್ಲೆವು. ಬಿರುಕುಬಿಟ್ಟ ಹಳೆಯ ಮನೆಯ ಮಹಡಿ, ತಾತನ ಕಾಲದ ವಿದ್ಯುತ್ ತಂತಿ ಇವನ್ನು ನೆನಪಿನ ಹೆಸರಿನಲ್ಲಿ ಉಳಿಸಿಕೊಂಡು ಅವುಗಳ ಕೆಳಗೆ ಮಕ್ಕಳನ್ನು ಮಲಗಿಸುವವರು ಎಷ್ಟು ಜನರಿಲ್ಲ!

ಹಾಗಾದರೆ ಹೊಸ ಕೋವಿ ಹಾರಿಸಿದ ಈಡು ಅದೇ ಸಂಪ್ರದಾಯದ ಈಡು ಹೇಗಾದೀತು? ಮಿಲಿಂದಪ್ರಶ್ನದಲ್ಲಿ ಭಿಕ್ಷು ನಾಗಸೇನ ರಾಜನನ್ನು ಕೇಳುತ್ತಾನೆ: ರಾತ್ರಿಯೆಲ್ಲ ಉರಿದ ದೀಪದಲ್ಲಿ ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೆಯೆ? ಒಂದಲ್ಲ, ಆದರೂ ಉರಿದದ್ದು ಒಂದೇ ದೀಪದ ಆಶ್ರಯದಲ್ಲಿ. ಎಣ್ಣೆ ತೀರಿದ ಹಾಗೆ ಎಣ್ಣೆ ಎರೆಯುವುದೇ ದೀಪವನ್ನು ಕಾಯುವ ರೀತಿ. ಮನೆಯ ಸುಖದುಃಖವನ್ನು ಊರಿಗೆ ಸಾರುವ ಕರ್ತವ್ಯ ನಡೆದುಬರಬೇಕಾದದ್ದು. ಅದನ್ನು ಸಾರುವ ಕಬ್ಬಿಣ ಬದಲಾಗಬಹುದು.

ಇಷ್ಟಾದರೂ ಹಳೆಯದನ್ನು ಮಾರಬೇಕಾಗಿಲ್ಲ. ಆಯುಧಕ್ಕೆ ವಿಶ್ರಾಂತಿ ಕೊಡುವುದನ್ನು ಆ ಸಂಪ್ರದಾಯವೇ ಬಲ್ಲದು. ಗದ್ದೆಯ ಕೆಲಸದ ಕಾಲದಲ್ಲಿ ಕೋವಿ ಕತ್ತಿಗಳನ್ನು ಕೆಳಗಿಟ್ಟು, ನಾಟಿ ಮುಗಿದ ಮೇಲೆ ಕೈಲ್‌ಪೊಳ್ದಿನಲ್ಲಿ ತೋಕ್‌ಪೂ ಮುಡಿಸಿ, ಪೂಜಿಸಿ ಮತ್ತೆ ಕೈಗೆತ್ತಿಕೊಳ್ಳುವುದು ಅಲ್ಲಿಯ ಕ್ರಮ. ಅಜ್ಜನ ಕೋವಿ ಇನ್ನು ಮುಂದೆ ಪೂಜೆಗೆ ಬರಲಿ, ಹೂ ಮುಡಿಯಲಿ. ಈಡು ಮಾತ್ರ ಹೊಸದರದ್ದಾಗಲಿ. ಸೇವೆಯಿಂದ ನಿವೃತ್ತರಾದ ಹಿರಿಯರನ್ನು ಮನೆಯಿಂದ ಹೊರಡಿಸುವುದಿಲ್ಲ. ಅವರಿಂದ ಹೊರೆ ಹೊರಿಸುವುದೂ ಇಲ್ಲ. ಜಗಲಿಯಲ್ಲಿ ಕೂರಿಸಿ, ಭಾರವನ್ನು ನಾವು ಹೊರುತ್ತೇವೆ. ವಸ್ತುಗಳ ವಿಷಯದಲ್ಲಿಯೂ ಇಷ್ಟು ವಿವೇಕ ಸಾಲದೆ?