ನೀವೀಗ ಯಾವ ಪುಸ್ತಕ ಓದುತ್ತಿದ್ದೀರಿ?



ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ನಾವು ಒಬ್ಬರನ್ನೊಬ್ಬರು ಏನೆಲ್ಲ ಕೇಳುತ್ತೇವೆ! ಗಂಗಾವತಿ ಕಡೆಯವರು ಸಿಕ್ಕರೆ ಕಾಲುವೆಗೆ ನೀರು ಬಿಟ್ಟರೇ, ಭತ್ತಕ್ಕೆ ದರ ಎಷ್ಟು ಬಂತು ಎಂದು ಕೇಳುತ್ತೇವೆ. ಯಲಬುರ್ಗಾ, ಕುಷ್ಟಗಿ ಕಡೆಯವರು ಸಿಕ್ಕರೆ ಮಳೆ ಆಯಿತೇ, ಗುಳೆ ಹೋದವರು ಹಬ್ಬಕ್ಕೆ ಬರುತ್ತಾರೆಯೇ ಎಂದು ಕೇಳುತ್ತೇವೆ. ಕೊಪ್ಪಳದವರಾದರೆ ಮಗನ ನೌಕರಿ, ಮಗಳ ಮದುವೆ. ಇವೆಲ್ಲ ಕೇಳಬೇಕಾದ ಮಾತುಗಳೇ. ಆದರೆ "ಈಗ ಯಾವ ಪುಸ್ತಕ ಓದಾಕತ್ತೀರಿ?" ಎಂದು ಕೇಳಿದವರನ್ನು ನೀವು ಕಂಡಿದ್ದೀರಾ? ಕೇಳಿದರೂ "ಓದಾಕ ಪುರಸೊತ್ತು ಎಲ್ಲೈತ್ರಿ ಫಾದರ್?" ಎಂಬ ಉತ್ತರ ಸಿದ್ಧವಾಗಿರುತ್ತದೆ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ನಮ್ಮ ಹಿರಿಯರು. ದೇಶ ಸುತ್ತಿ ಬಂದವನು ಸುಮ್ಮನೆ ಕೂಡುವುದಿಲ್ಲ. ಕಟ್ಟೆಯ ಮೇಲೆ ಕುಳಿತು ಕಂಡದ್ದನ್ನು ಹೇಳುತ್ತಾನೆ, ಕೇಳುವವರು ಸುತ್ತ ಕೂಡುತ್ತಾರೆ. ಕೋಶ ಓದಿದವನು ಮಾತ್ರ ಏಕೆ ಮೌನವಾಗಿರಬೇಕು? ಇಂದು ನಿಮ್ಮೊಡನೆ ನಾನು ಹಂಚಿಕೊಳ್ಳಬೇಕೆಂದಿರುವ ವಿಚಾರ ಇದೊಂದೇ. ಓದಿದ್ದನ್ನು ಮತ್ತೊಬ್ಬರಿಗೆ ಹೇಳಿ, ಅವರ ಮಾತನ್ನೂ ಕೇಳಿದಾಗಲೇ ಓದು ಪೂರ್ಣವಾಗುತ್ತದೆ. ಕ್ರೈಸ್ತ ಕುಟುಂಬಕ್ಕೆ ಇದು ಬರಿಯ ಹವ್ಯಾಸವಲ್ಲ, ಪ್ರೀತಿಯ ಒಂದು ಕರ್ತವ್ಯ.

ಇದು ಓದು ಅರಿಯದ ನಾಡಲ್ಲ

ನಮ್ಮದು ಹಿಂದುಳಿದ ಸೀಮೆ, ನಮಗೇಕೆ ಪುಸ್ತಕದ ಮಾತು ಎಂದು ಯಾರೂ ಅನ್ನದಿರಲಿ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಇರುವ ಊರುಗಳನ್ನು ಹೆಸರಿಸುವಾಗ ಕೊಪಣವನ್ನು, ಅಂದರೆ ನಮ್ಮ ಕೊಪ್ಪಳವನ್ನು, ಸೇರಿಸುತ್ತದೆ. ಗುರಿಯಿಟ್ಟು ಓದಿ ಕಲಿಯದವರೂ ಕಾವ್ಯದ ಪರಿಣತಿ ಉಳ್ಳವರು ಎಂದು ಅದು ಕನ್ನಡ ನಾಡಿನ ಜನರನ್ನು ಮೆಚ್ಚಿಕೊಳ್ಳುತ್ತದೆ.

1948ರವರೆಗೆ ಈ ಸೀಮೆ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು, ಮೇಲಿನ ಶಿಕ್ಷಣದ ಭಾಷೆಯೂ ಉರ್ದು. ಆಗ ಕನ್ನಡದ ಓದು ಉಳಿದದ್ದು ಬಹುಮಟ್ಟಿಗೆ ಮನೆಗಳಲ್ಲಿ, ಮಠಗಳಲ್ಲಿ. ಶ್ರಾವಣ ಬಂತೆಂದರೆ ಪುರಾಣ ಹಚ್ಚುತ್ತಿದ್ದರು. ಇಂದಿಗೂ ನಮ್ಮ ಅನೇಕ ಊರುಗಳಲ್ಲಿ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಊರು ಕೇಳುತ್ತದೆ. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ 'ಕಾವ್ಯಾನಂದ' ಸಿದ್ಧಯ್ಯ ಪುರಾಣಿಕರ ಮನೆತನದ ಹೆಸರನ್ನೇ ನೋಡಿರಿ. ಪುರಾಣಿಕ ಎಂದರೆ ಓದಿದ್ದನ್ನು ಜನರಿಗೆ ಬಿಡಿಸಿ ಹೇಳುವವನು! ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೂ 1993ರಲ್ಲಿ ಕೊಪ್ಪಳಕ್ಕೆ, 2011ರಲ್ಲಿ ಗಂಗಾವತಿಗೆ ಬಂದಿತು. ಹೀಗೆ ಓದಿ ಹೇಳುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ನೆರೆಯವರಲ್ಲಿರುವ ಈ ಒಳ್ಳೆಯ ರೂಢಿಯನ್ನು ನಾವು ನಮ್ಮ ಮನೆಗೂ ತರಬೇಕಾಗಿದೆ.

ರಥದಲ್ಲಿ ಕುಳಿತ ಓದುಗ

ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯ ನಿಮಗೆ ನೆನಪಿರಬಹುದು. ಇಥಿಯೋಪಿಯದ ರಾಣಿಯ ಖಜಾನೆಯ ಅಧಿಕಾರಿಯೊಬ್ಬ ಜೆರುಸಲೇಮಿನಿಂದ ಊರಿಗೆ ಮರಳುತ್ತ ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದಾನೆ. ಅಂದಿನ ಪದ್ಧತಿಯಂತೆ ಗಟ್ಟಿಯಾಗಿ ಓದುತ್ತಿದ್ದಾನೆ. ಆದ್ದರಿಂದಲೇ ಫಿಲಿಪ್ಪನಿಗೆ ಅದು ಕೇಳಿಸಿತು. ಫಿಲಿಪ್ಪನು ಓಡಿಹೋಗಿ ಮಾಡಿದ ಮೊದಲ ಕೆಲಸ ಯಾವುದು? ಉಪದೇಶವೇ? ಅಲ್ಲ. ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಅವನು ಕೇಳಿದ. ಅಧಿಕಾರಿ ದೊಡ್ಡ ಹುದ್ದೆಯವನು, ಅಕ್ಷರ ಬಲ್ಲವನು. ಆದರೂ ಯಾರಾದರೂ ತಿಳಿಸಿಕೊಡದಿದ್ದರೆ ತನಗೆ ಹೇಗೆ ತಿಳಿದೀತು ಎಂದು ನಾಚಿಕೆಯಿಲ್ಲದೆ ಒಪ್ಪಿಕೊಂಡ. ಫಿಲಿಪ್ಪನನ್ನು ಹತ್ತಿಸಿಕೊಂಡು ಪಕ್ಕದಲ್ಲೇ ಕೂರಿಸಿಕೊಂಡ. ಇಲ್ಲಿ ಪ್ರವಾದಿ ಹೇಳುತ್ತಿರುವುದು ಯಾರ ವಿಷಯ, ತನ್ನದೋ ಬೇರೊಬ್ಬನದೋ ಎಂದು ಕೇಳಿದ. ಆ ಪ್ರಶ್ನೆಯಿಂದ ಮೊದಲಾದ ಮಾತು ಜ್ಞಾನಸ್ನಾನದವರೆಗೆ ಹೋಯಿತು.

ಒಂದು ಪುಸ್ತಕ, ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು, ಒಂದು ಪ್ರಾಮಾಣಿಕ ಪ್ರಶ್ನೆ. ನಮಗೆ ಬೇಕಾದುದು ಇಷ್ಟೇ.

ಸಂತ ಅಗಸ್ಟೀನರ ಬಾಳಿನಲ್ಲೂ ಇದೇ ನಡೆಯಿತು. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅವರು ಸಂತ ಪೌಲರ ಪತ್ರವನ್ನು ತೆರೆದು ಕಣ್ಣಿಗೆ ಬಿದ್ದ ವಾಕ್ಯವನ್ನು ಓದಿದರು, ಮನಸ್ಸು ತಿರುಗಿತು ಎಂಬುದನ್ನು ನಾವೆಲ್ಲ ಕೇಳಿದ್ದೇವೆ. ಮುಂದಿನ ಸಂಗತಿಯನ್ನು ಕೇಳಿದವರು ಕಡಿಮೆ. ಓದಿದ ಜಾಗಕ್ಕೆ ಗುರುತಿಟ್ಟು, ಪುಸ್ತಕ ಮುಚ್ಚಿ, ಅವರು ನಡೆದುದನ್ನು ಗೆಳೆಯ ಅಲೀಪಿಯನಿಗೆ ಹೇಳಿದರು. ಅಲೀಪಿಯನು ತಾನೂ ನೋಡಬೇಕೆಂದು ಪುಸ್ತಕ ಕೇಳಿದ. ಅಗಸ್ಟೀನರು ನಿಲ್ಲಿಸಿದ ಜಾಗದಿಂದ ಮುಂದಕ್ಕೆ ಓದಿದ. ವಿಶ್ವಾಸದಲ್ಲಿ ದುರ್ಬಲನಾದವನನ್ನು ಸ್ವೀಕರಿಸುವ ಮಾತು ಅಲ್ಲಿತ್ತು. ಇದು ನನಗೇ ಬರೆದದ್ದು ಎಂದುಕೊಂಡ. ಅಗಸ್ಟೀನರು ಮೌನವಾಗಿ ಪುಸ್ತಕ ಮುಚ್ಚಿದ್ದರೆ ಅಲೀಪಿಯನಿಗೆ ಅವನ ಪಾಲು ಸಿಗುತ್ತಿತ್ತೇ? ಬಳಿಕ ಇಬ್ಬರೂ ಒಳಗೆ ಹೋಗಿ ತಾಯಿ ಮೋನಿಕಾಳಿಗೆ ಎಲ್ಲವನ್ನೂ ತಿಳಿಸಿದರು. ಮರುವರ್ಷದ ಪಾಸ್ಖ ಜಾಗರಣೆಯಲ್ಲಿ ಗೆಳೆಯರಿಬ್ಬರೂ ಸಂತ ಅಂಬ್ರೋಸರಿಂದ ಜ್ಞಾನಸ್ನಾನ ಪಡೆದರು.

ಒಂದೇ ಕಥೆ, ಬೇರೆ ಬೇರೆ ಕಣ್ಣು

ಇದು ಸಂತರ ಮಾತಾಯಿತು, ಪವಿತ್ರ ಗ್ರಂಥದ ಮಾತಾಯಿತು, ಕಥೆ ಕಾದಂಬರಿಗಳಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಒಂದು ಉದಾಹರಣೆ ನೋಡೋಣ. ನಮ್ಮ ಕಥೋಲಿಕ ಸಮುದಾಯದಿಂದಲೇ ಬಂದು ಕನ್ನಡದ ಹಿರಿಯ ಕಾದಂಬರಿಕಾರರೆನಿಸಿದ ಸಾಗರದ ನಾ. ಡಿಸೋಜ ಅವರು 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಅವರು 2025ರ ಜನವರಿಯಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಅವರ 'ದ್ವೀಪ' ಕಾದಂಬರಿ ಶರಾವತಿಯ ಅಣೆಕಟ್ಟಿನಿಂದ ಮುಳುಗುವ ಊರಿನ ಕಥೆ. ನೀರು ಏರುತ್ತದೆ, ಊರವರು ಬಿಟ್ಟುಹೋಗುತ್ತಾರೆ, ಒಂದು ಮನೆ ಮಾತ್ರ ನಡುನೀರಿನಲ್ಲಿ ದ್ವೀಪವಾಗಿ ಉಳಿಯುತ್ತದೆ. 2002ರಲ್ಲಿ ಗಿರೀಶ ಕಾಸರವಳ್ಳಿಯವರು ಇದನ್ನು ಚಲನಚಿತ್ರ ಮಾಡಿದರು.

ಈ ಪುಸ್ತಕವನ್ನು ಗಂಗಾವತಿಯ ರೈತನೊಬ್ಬ ಓದಿದನೆಂದು ಇಟ್ಟುಕೊಳ್ಳಿ. 1953ರಿಂದ ನೀರು ನಿಂತ ತುಂಗಭದ್ರೆಯ ಅಣೆಕಟ್ಟಿನಿಂದ ಅವನ ಗದ್ದೆ ಹಸಿರಾಗಿದೆ. ಆ ಜಲಾಶಯದ ಅಡಿಯಲ್ಲೂ ಹಲವು ಹಳ್ಳಿಗಳಿವೆಯಲ್ಲ, ನನ್ನ ತಟ್ಟೆಯ ಅನ್ನಕ್ಕಾಗಿ ಯಾರೋ ಮನೆ ಬಿಟ್ಟರಲ್ಲ ಎಂದು ಅವನಿಗೆ ಮೊದಲ ಬಾರಿಗೆ ಅನಿಸೀತು. ಅವನು ಯಲಬುರ್ಗಾದ ತನ್ನ ಬೀಗರಿಗೆ ಕಥೆ ಹೇಳಿದರೆ ಅವರಿಗೆ ಬೇರೆಯೇ ತೋರೀತು. "ಅಲ್ಲಿಯವರು ನೀರು ಬಂತಂತ ಊರು ಬಿಟ್ಟರು, ನಾವು ನೀರು ಇಲ್ಲಂತ ಊರು ಬಿಡತೀವಿ" ಎಂದಾರು. ಇದೇ ಕಥೆಯನ್ನು ಕುಷ್ಟಗಿಯ ಹಳ್ಳಿಯೊಂದರಲ್ಲಿ ಹೇಳಿದಾಗ, ಬಾಗಿಲ ಬಳಿ ಕುಳಿತು ಕೇಳುತ್ತಿದ್ದ, ಅಕ್ಷರ ಬಾರದ ತಾಯಿಯೊಬ್ಬಳು ಹೀಗೆನ್ನಬಹುದು: "ನಮ್ಮ ಓಣ್ಯಾಗೂ ಅಂಥ ಮನಿ ಐತಲ್ರಿ. ಮಕ್ಕಳು ಸೊಸೆಯಂದಿರು ದುಡಿಯಾಕ ಮಂಗಳೂರಿಗೆ ಹೋಗ್ಯಾರ, ಮುದುಕಿ ಒಬ್ಬಾಕೀನ ಉಳದಾಳ."

ಸಹೋದರರೇ, ಕಥೆಯ ತಿರುಳನ್ನು ಹಿಡಿದವರು ಯಾರು? ಪುಸ್ತಕ ಓದಿದವನೋ, ಓದಲು ಬಾರದ ಆ ತಾಯಿಯೋ? ಆ ಮಾತು ಕೇಳಿದ ಮೇಲೂ ಮುದುಕಿಯ ಮನೆಗೆ ಯಾರೂ ಹೋಗದಿದ್ದರೆ ನಮ್ಮ ಓದು ದಂಡ. ಯಾರಾದರೂ ಎರಡು ರೊಟ್ಟಿ ಕಟ್ಟಿಕೊಂಡು ಹೋದರೆ ಆ ಪುಸ್ತಕ ಸಾರ್ಥಕ.

2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಏಳು ವರ್ಷ ಮೀರಿದ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ 60ಕ್ಕಿಂತ ಕಡಿಮೆ. ಪುಸ್ತಕದ ಮಾತು ಓದಿದವರ ನಡುವೆಯೇ ಉಳಿದರೆ ನಮ್ಮ ಎಷ್ಟೋ ತಾಯಂದಿರು, ಅಕ್ಕಂದಿರು ಹೊರಗುಳಿಯುತ್ತಾರೆ. ಓದಿ ಹೇಳಿದರೆ ಅವರೂ ಒಳಗೆ ಬರುತ್ತಾರೆ. ಬಂದಾಗ ನಮಗೇ ಕಲಿಸುತ್ತಾರೆ.

ಅಭಿಪ್ರಾಯ ಹೇಳುವ ಬಗೆ

ಅಭಿಪ್ರಾಯ ಹೇಳುವುದೆಂದರೆ ತೀರ್ಪು ಕೊಡುವುದಲ್ಲ. "ಚಲೋ ಐತಿ", "ಬ್ಯಾಸರ ಬಂತು" ಎಂದರೆ ಮಾತು ಅಲ್ಲಿಗೇ ಮುಗಿಯಿತು. ಲೊಯೋಲದ ಸಂತ ಇಗ್ನಾಸಿಯವರು 1521ರಲ್ಲಿ ಯುದ್ಧದಲ್ಲಿ ಕಾಲಿಗೆ ಗುಂಡು ತಗುಲಿ ಹಾಸಿಗೆ ಹಿಡಿದಾಗ ವೀರರ ಸಾಹಸದ ಕಥೆಗಳನ್ನು ಕೇಳಿದರು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಚರಿತ್ರೆ ಮತ್ತು ಸಂತರ ಚರಿತ್ರೆ. ಓದುತ್ತ ಅವರು ಒಂದು ಸಂಗತಿಯನ್ನು ಗಮನಿಸಿದರು. ಲೋಕದ ಕೀರ್ತಿಯ ಕನಸು ಕಾಣುವಾಗ ಹಿತ, ಆಮೇಲೆ ಮನಸ್ಸು ಬರಡು. ಸಂತರ ಹಾದಿಯನ್ನು ನೆನೆದಾಗಲೂ ಹಿತ, ಆಮೇಲೂ ಸಂತೋಷ ಉಳಿಯುತ್ತದೆ. ಪುಸ್ತಕವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಯಾವುದು? ಮುಚ್ಚಿಟ್ಟ ಮೇಲೆ ನನ್ನೊಳಗೆ ಏನು ಉಳಿಯಿತು? ಯಾರ ಮೇಲೆ ಕರುಣೆ ಹುಟ್ಟಿತು, ಯಾರ ಮೇಲೆ ದ್ವೇಷ ಹುಟ್ಟಿತು? ಇದನ್ನು ಹೇಳಿರಿ. ಅದು ನಿಜವಾದ ಅಭಿಪ್ರಾಯ.

ಕೆಟ್ಟ ಪುಸ್ತಕಗಳೂ ಇವೆಯಲ್ಲ ಎಂದು ತಂದೆತಾಯಿಯರು ಅಂಜುವುದು ಸಹಜ. ಧರ್ಮಸಭೆಯೂ 1559ರಿಂದ ನಿಷೇಧಿತ ಗ್ರಂಥಗಳ ಪಟ್ಟಿಯನ್ನು ಇಟ್ಟುಕೊಂಡಿತ್ತು. 1966ರಲ್ಲಿ ಆ ಪಟ್ಟಿಗಿದ್ದ ಕಾನೂನಿನ ಬಲ ಹೋಯಿತು. ನಂಬಿಕೆಗೂ ನೀತಿಗೂ ಕೆಡುಕಾದುದರಿಂದ ದೂರವಿರುವ ಹೊಣೆ ನಮ್ಮ ಮನಸ್ಸಾಕ್ಷಿಗೆ ಬಂತು. ಇಂದು ಮಗುವಿನ ಕೈಯಲ್ಲಿರುವ ಮೊಬೈಲಿಗೆ ಯಾವ ಪಟ್ಟಿ ಕಾವಲು ಕಾದೀತು? ಕಾಯುವುದು ಮನೆಯ ಮಾತುಕತೆ. ಊಟಕ್ಕೆ ಕುಳಿತಾಗ "ಏನು ಓದಿದಿ ಮಗಾ, ನನಗೂ ಹೇಳು" ಎಂದು ಕೇಳುವ ಅಪ್ಪನಿಗೆ ಮಗ ಮುಚ್ಚಿಡುವುದು ಕಡಿಮೆ. ಕೇಳಿದ ಮೇಲೆ ಬೈಯದೆ ಕೇಳಿಸಿಕೊಳ್ಳಬೇಕು, ಅಷ್ಟೇ.

ಜಗದ್ಗುರು ಫ್ರಾನ್ಸಿಸರು 2024ರ ಜುಲೈ 17ರಂದು ಸಾಹಿತ್ಯದ ಓದಿನ ಬಗೆಗೇ ಒಂದು ಪತ್ರ ಬರೆದರು. ಗುರುಗಳ ತರಬೇತಿಯನ್ನು ಕುರಿತು ಬರೆಯಲು ಹೊರಟವರು, ಇದು ಎಲ್ಲ ಕ್ರೈಸ್ತರಿಗೂ ಬೇಕಾದುದೆಂದು ಅದನ್ನು ವಿಸ್ತರಿಸಿದರು. ಅದರಲ್ಲಿ ತಮ್ಮ ಯೌವನದ ಒಂದು ಅನುಭವವನ್ನು ಹೇಳಿಕೊಂಡಿದ್ದಾರೆ. ಅರ್ಜೆಂಟೀನಾದ ಸಾಂತಾ ಫೆಯಲ್ಲಿ ಅವರು ಸಾಹಿತ್ಯ ಕಲಿಸುತ್ತಿದ್ದಾಗ, ಹುಡುಗರಿಗೆ ಪಠ್ಯದ ಹಳೆಯ ಕಾವ್ಯ ಬೇಡ, ಲೋರ್ಕಾ ಎಂಬ ಹೊಸ ಕವಿ ಬೇಕು. ಹಳೆಯದನ್ನು ಮನೆಯಲ್ಲಿ ಓದಿಕೊಳ್ಳಿ, ತರಗತಿಯಲ್ಲಿ ನಿಮಗೆ ಇಷ್ಟವಾದುದನ್ನು ಚರ್ಚಿಸೋಣ ಎಂದರು ಅವರು. ಇಷ್ಟದಿಂದ ಮೊದಲಾದ ಓದು ಮುಂದೆ ಬೇರೆ ಪುಸ್ತಕಗಳಿಗೂ ದಾರಿಯಾಯಿತು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳನ್ನಷ್ಟೇ ಓದುವ ನಮ್ಮ ಯುವಕ ಯುವತಿಯರನ್ನೂ ಹೀಗೆಯೇ ಕರೆಯೋಣ. ನೌಕರಿಗಾಗಿ ಓದಲಿ, ತಪ್ಪಿಲ್ಲ. ಬದುಕಿಗಾಗಿ ಒಂದಾದರೂ ಪುಸ್ತಕ ಜೊತೆಗಿರಲಿ.

ಇನ್ನೊಂದು ಮಾತು. ಬೇರೆಯವರ ಮನೆಯ ಕಥೆ ನಮಗೇಕೆ ಎನ್ನಬೇಡಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವು ಹೆಚ್ಚಾಗಿ ಮುಸ್ಲಿಂ ಹೆಣ್ಣುಮಕ್ಕಳ ನೋವಿನ ಕಥೆಗಳು. ಓದಿದರೆ ನಮ್ಮ ಮನೆಯ ಹೆಣ್ಣುಮಕ್ಕಳ ಮುಖಗಳೂ ಕಾಣಿಸುತ್ತವೆ. ನೆರೆಯವನು ಯಾರು ಎಂಬ ಪ್ರಶ್ನೆಗೆ ಯೇಸುಸ್ವಾಮಿ ಉತ್ತರಿಸಿದ್ದು ಒಂದು ಕಥೆಯಿಂದ. ಅದರ ನಾಯಕ ಕೇಳುಗರ ಜಾತಿಯವನಲ್ಲ, ಸಮಾರಿಯದವನು.

ಈಗ ಪುರಸೊತ್ತಿನ ವಿಷಯಕ್ಕೆ ಬರೋಣ. ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ಜಪಸರ ಮುಗಿದ ಮೇಲೆ ತಿಂಗಳಿಗೊಮ್ಮೆ ಹದಿನೈದು ನಿಮಿಷ ಸಾಕು. ಒಬ್ಬರು ತಾವು ಓದುತ್ತಿರುವ ಪುಸ್ತಕದ ಮಾತು ಹೇಳಲಿ. ಉಳಿದವರು ನಡುವೆ ಬಾಯಿ ಹಾಕದೆ ಕೇಳಲಿ, ಆಮೇಲೆ ಪ್ರಶ್ನೆ ಕೇಳಲಿ. ಓದು ಬಾರದವರಿಗೆ ಮೊದಲ ಮಾತಿನ ಅವಕಾಶ ಕೊಡಿರಿ. ಪುಸ್ತಕ ಕೊಳ್ಳಲು ಹಣವಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿರಿ. ಒಮ್ಮತ ಬರಲೇಬೇಕೆಂದಿಲ್ಲ. ಅಗಸ್ಟೀನರಿಗೆ ಸಿಕ್ಕ ವಾಕ್ಯ ಬೇರೆ, ಅಲೀಪಿಯನಿಗೆ ಸಿಕ್ಕ ವಾಕ್ಯ ಬೇರೆ, ಕೊಟ್ಟವನು ಒಬ್ಬನೇ.

ಬರುವ ಭಾನುವಾರ ಪೂಜೆ ಮುಗಿಸಿ ಹೊರಬಂದಾಗ, ಮಳೆ ಬೆಳೆಯ ಮಾತಿನ ಜೊತೆಗೆ ಒಬ್ಬರನ್ನಾದರೂ ಈ ಪ್ರಶ್ನೆ ಕೇಳಿರಿ. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಎದ್ದುನಿಂತು ಗ್ರಂಥವನ್ನು ಬಿಚ್ಚಿ, ಓದಿ, ಅದರ ಅರ್ಥವನ್ನು ತನ್ನ ಊರವರಿಗೆ ತಿಳಿಸಿದ ಪ್ರಭು ಯೇಸು ನಮ್ಮ ಕಣ್ಣನ್ನೂ, ಬಾಯನ್ನೂ, ಕೇಳುವ ಕಿವಿಯನ್ನೂ ಆಶೀರ್ವದಿಸಲಿ.